ಮದನಪಲ್ಲಿಯೋ ಬಸವನಗುಡಿಯೋ

ಹೈಸ್ಕೂಲನ್ನು ಮುಗಿಸಿದ ಹುಡುಗನು ಮುಂದೆ ಯಾವ ಕಾಲೇಜನ್ನು ಸೇರಬೇಕೆಂಬ ಪ್ರಶ್ನೆಯು ಈಗಿನ ಮನೆಗಳಲ್ಲಿ ಅಂಕಪಟ್ಟಿ ಕೈಸೇರುವುದಕ್ಕೆ ಮೊದಲೇ ಇತ್ಯರ್ಥವಾಗಿರುತ್ತದೆ. 1953ನೆಯ ಇಸವಿಯಲ್ಲಿ, ಆಗಿನ ಕೋಲಾರ ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಅದು ಹಾಗಿರಲಿಲ್ಲ. ಕಾಲೇಜೆಂದರೆ ಊರು ಬಿಡುವುದು. ಊರು ಬಿಡುವುದೆಂದರೆ ಬಂಧುಗಳ ಮನೆಯ ಊಟ ಅಥವಾ ಹಾಸ್ಟೆಲಿನ ಒಂದು ಮೂಲೆ, ತಿಂಗಳಿಗೊಮ್ಮೆ ಮನಿಯಾರ್ಡರಿಗಾಗಿ ಕಾಯುವುದು, ಹಬ್ಬಕ್ಕೆ ಊರಿಗೆ ಬರಲು ರೈಲಿನ ದುಡ್ಡನ್ನು ಹೊಂದಿಸಿಕೊಳ್ಳುವುದು. ಆದುದರಿಂದ ಆ ಪ್ರಶ್ನೆಯು ಹುಡುಗನೊಬ್ಬನ ಪ್ರಶ್ನೆಯಾಗಿ ಉಳಿಯದೆ, ಅವನ ಬಂಧುವರ್ಗವನ್ನೂ, ಪಾಠ ಹೇಳಿದ ಉಪಾಧ್ಯಾಯರನ್ನೂ, ಕಾಲೇಜಿನ ಬಾಗಿಲನ್ನೇ ಕಾಣದ ಮಂಡಿಯ ವ್ಯಾಪಾರಿಗಳನ್ನೂ ಇಡೀ ಬೇಸಗೆ ಚರ್ಚೆಯಲ್ಲಿ ತೊಡಗಿಸುವಷ್ಟು ಗುರುತರವಾದುದಾಗಿತ್ತು.

ನಮ್ಮದು ಶಿಡ್ಲಘಟ್ಟಕ್ಕೆ ಸಮೀಪದ ಒಂದು ಹಳ್ಳಿ. ತಂದೆಯವರಿಗೆ ಬಾವಿಯ ನೀರಿನ ಆಸರೆಯಲ್ಲಿ ಸ್ವಲ್ಪ ಹಿಪ್ಪುನೇರಳೆ ತೋಟವಿದ್ದಿತು. ಮನೆಯ ನಡುಮನೆಯೇ ರೇಷ್ಮೆಹುಳುಗಳ ಅರಮನೆ. ಹುಳುಗಳು ಜ್ವರಕ್ಕೆ, ಎಂದರೆ ಪೊರೆ ಕಳಚುವ ಮುಂಚಿನ ನಿದ್ದೆಗೆ, ಹೋದಾಗ ಮಾತು ತಗ್ಗಿಸಿ, ಜ್ವರದಿಂದ ಎದ್ದಾಗ ರಾತ್ರಿಯೆಲ್ಲ ಎದ್ದಿದ್ದು ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಮಾರಿದ ಮೇಲೆಯೇ ಮನೆಯಲ್ಲಿ ಬಟ್ಟೆ, ಪುಸ್ತಕ, ಫೀಜು ಮೊದಲಾದ ಶಬ್ದಗಳನ್ನು ಉಚ್ಚರಿಸಲು ಅವಕಾಶ. ನನ್ನ ಹೈಸ್ಕೂಲು ವಿದ್ಯಾಭ್ಯಾಸ ನಡೆದುದು ಚಿಂತಾಮಣಿಯಲ್ಲಿ, ಕಡಲೆಕಾಯಿ ಮಂಡಿಯಿಟ್ಟಿದ್ದ ಸೋದರಮಾವನ ಮನೆಯಲ್ಲಿ. ತಾಯಿಯ ಕಡೆಯವರ ಮನೆಮಾತು ತೆಲುಗು. ನಮ್ಮ ಮನೆಯಲ್ಲಿಯೂ ತಾಯಿಯೊಡನೆ ತೆಲುಗು, ತಂದೆಯೊಡನೆ ಎರಡೂ, ಪುಸ್ತಕದೊಡನೆ ಕನ್ನಡ ಎಂಬ ವ್ಯವಸ್ಥೆಯು ಯಾರೂ ಏರ್ಪಡಿಸದೆಯೇ ಏರ್ಪಟ್ಟಿದ್ದಿತು. ಕೈವಾರದ ನಾರೇಯಣ ಯೋಗಿಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದ ಸೀಮೆ ಅದು. ಎರಡು ನುಡಿಗಳ ನಡುವೆ ಗೋಡೆಯಿದೆಯೆಂಬುದು ನಮಗೆ ಆವರೆಗೆ ತಿಳಿಯದೆ ಇದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲಿ ತಂದೆಯವರು ಚಿಂತಾಮಣಿಗೆ ಬಂದು, ನನ್ನನ್ನು ಕರೆದುಕೊಂಡು ಹೆಡ್‌ಮಾಸ್ತರರ ಮನೆಗೆ ಹೋದರು. ಮೈಸೂರಿನ ಮಹಾರಾಜಾ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜುಗಳ ಕೀರ್ತಿಯನ್ನು ತಂದೆಯವರೂ ಕೇಳಿದ್ದರು. ಅದರಲ್ಲಿಯೂ ಸೆಂಟ್ರಲ್ ಕಾಲೇಜೆಂದರೆ ನಮ್ಮ ಸೀಮೆಯವರಿಗೆ ಒಂದು ವಿಶೇಷವಾದ ಅಭಿಮಾನ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ವಿಶ್ವೇಶ್ವರಯ್ಯನವರು 1881ರಲ್ಲಿ ಬಿ.ಎ. ಪದವಿಯನ್ನು ಪಡೆದುದು ಅಲ್ಲಿ ಓದಿಯೇ ಅಲ್ಲವೆ? ಹೆಡ್‌ಮಾಸ್ತರರು ಇದನ್ನೆಲ್ಲ ತಾಳ್ಮೆಯಿಂದ ಕೇಳಿ, ಕನ್ನಡಕವನ್ನು ತೆಗೆದಿಟ್ಟು, "ದೊಡ್ಡ ಕಾಲೇಜುಗಳು ದೊಡ್ಡವೇ, ಇಲ್ಲವೆನ್ನುವವರಾರು? ಆದರೆ ಈ ಹುಡುಗ ಹಳ್ಳಿಯಿಂದ ಹೋಗತಕ್ಕವನು. ಹಾಜರಿ ಪುಸ್ತಕದಲ್ಲಿ ಇವನೊಂದು ನಂಬರಾಗಿಬಿಟ್ಟರೆ ನಷ್ಟವಾಗುತ್ತದೆ. ಇವನ ಹೆಸರು ಹಿಡಿದು ಕರೆಯುವ ಕಡೆಗೆ ಕಳುಹಿಸಿ, ಗೌಡರೇ" ಎಂದರು. ಅಂಥ ಎರಡು ವಿದ್ಯಾಲಯಗಳ ಹೆಸರನ್ನು ಅವರೇ ಹೇಳಿದರು: ಒಂದು, ಮದನಪಲ್ಲಿಯ ಬೆಸೆಂಟ್ ಥಿಯಸಾಫಿಕಲ್ ಕಾಲೇಜು, ಇನ್ನೊಂದು, ಬೆಂಗಳೂರು ಬಸವನಗುಡಿಯ ನ್ಯಾಷನಲ್ ಕಾಲೇಜು. ಎರಡೂ ಚಿಕ್ಕವು, ಎರಡೂ ಆರಿಸಿ ತೆಗೆದುಕೊಳ್ಳುವಂಥವು, ಎರಡರಲ್ಲಿಯೂ ಓದಿಗಿಂತ ಹೆಚ್ಚಿನದೊಂದನ್ನು ಕಲಿಸುವ ಹಂಬಲವುಂಟು ಎಂಬುದು ಅವರ ಅಭಿಪ್ರಾಯ.

ಈ ಎರಡು ವಿದ್ಯಾಲಯಗಳೂ ಒಬ್ಬ ತಾಯಿಯ ಮಕ್ಕಳೆಂಬ ಸಂಗತಿಯು ಆಗ ನನಗೆ ತಿಳಿದಿರಲಿಲ್ಲ. ಆನಿ ಬೆಸೆಂಟರು ಕಾಶಿಯಲ್ಲಿ 1898ರಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದ ಮೇಲೆ, ಸರ್ಕಾರದ ಗುಮಾಸ್ತರನ್ನು ತಯಾರಿಸುವ ಶಿಕ್ಷಣಕ್ಕೆ ಪ್ರತಿಯಾಗಿ ಶೀಲ, ದೇಶಪ್ರೇಮ, ಕಲಾಭಿರುಚಿಗಳನ್ನು ಒಂದಾಗಿ ಬೆಳೆಯಿಸುವ ಶಿಕ್ಷಣವನ್ನು ದಕ್ಷಿಣದಲ್ಲಿಯೂ ಹರಡಲು ಉದ್ಯುಕ್ತರಾದರು. ಅದರ ಫಲವಾಗಿ 1915ರಲ್ಲಿ ಮದನಪಲ್ಲಿಯ ಕಾಲೇಜು ಜನ್ಮತಾಳಿತು. ಹೋಂರೂಲ್ ಚಳುವಳಿಯ ಕಾವಿನಲ್ಲಿ ಅದು ಮದರಾಸು ವಿಶ್ವವಿದ್ಯಾನಿಲಯದ ಸಂಬಂಧವನ್ನು ಕಳೆದುಕೊಂಡು, ರವೀಂದ್ರನಾಥ ಠಾಕೂರರು ಕುಲಾಧಿಪತಿಗಳಾಗಿದ್ದ ಅಡಿಯಾರಿನ ರಾಷ್ಟ್ರೀಯ ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಕೆಲವು ಕಾಲ ಬಂದಿದ್ದುದೂ ಉಂಟು. ಬೆಸೆಂಟರು ಸರ್ಕಾರದ ಬಂಧನಕ್ಕೆ ಒಳಗಾದ 1917ನೆಯ ವರ್ಷದಲ್ಲಿಯೇ ಅವರ ಪ್ರೇರಣೆಯಿಂದ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು ಪ್ರಾರಂಭವಾಯಿತು. ಅದರ ಹೆಡ್‌ಮಾಸ್ತರರಾಗಿ ಹೆಸರಾದ ಕೆ. ಸಂಪದ್ಗಿರಿರಾಯರ ನೇತೃತ್ವದಲ್ಲಿ 1945ರಲ್ಲಿ ಅದಕ್ಕೆ ಕಾಲೇಜು ಕೂಡಿತು. ಹೀಗೆ ನಾನು ಎರಡು ಆದರ್ಶಗಳ ನಡುವೆ ನಿಂತಿದ್ದೇನೆಂದು ಭಾವಿಸಿ ತೊಳಲುತ್ತಿದ್ದಾಗ, ವಾಸ್ತವವಾಗಿ ನಿಂತಿದ್ದುದು ಒಂದೇ ಆದರ್ಶದ ಎರಡು ಬಾಗಿಲುಗಳ ಮುಂದೆ.

ಸೋದರಮಾವನ ಪಕ್ಷವು ಮದನಪಲ್ಲಿಯದು. ಚಿಂತಾಮಣಿಯಿಂದ ಮದನಪಲ್ಲಿ ದೂರವಲ್ಲ. ಖಾಸಗಿ ಬಸ್ಸಿನಲ್ಲಿ ಬೆಳಗ್ಗೆ ಕುಳಿತರೆ ಮಧ್ಯಾಹ್ನದ ಊಟಕ್ಕೆ ತಾಯಿಯ ಚಿಕ್ಕಮ್ಮನ ಮನೆ. ಮಾವನಿಗೆ ಆ ಊರು ಕಡಲೆಕಾಯಿಯ ವ್ಯವಹಾರದಿಂದ ಪರಿಚಿತ. ನಮ್ಮ ಕುಟುಂಬದ ಇತರರಿಗೆ ಆರೋಗ್ಯವರದ ಕ್ಷಯರೋಗದ ಆಸ್ಪತ್ರೆಯಿಂದ ಪರಿಚಿತ, ಏಕೆಂದರೆ ಆ ಕಾಲದಲ್ಲಿ ಎದೆಯ ಕೆಮ್ಮು ಬಿಡದೆ ಹಿಡಿದವರನ್ನು ನಮ್ಮ ಕಡೆಯವರು ಅಲ್ಲಿಗೇ ಕರೆದೊಯ್ಯುತ್ತಿದ್ದರು. "ಊಟಕ್ಕೆ ಮನೆಯಿದೆ, ಕಾಯಿಲೆಗೆ ಆಸ್ಪತ್ರೆಯಿದೆ, ಓದಿಗೆ ಕಾಲೇಜಿದೆ, ಬೆಂಗಳೂರಿನಲ್ಲಿ ನಿನಗೆ ಯಾರಿದ್ದಾರಪ್ಪಾ?" ಎಂಬುದು ಮಾವನ ತರ್ಕ. ಅವರ ಮಗನೂ ನನ್ನ ತರಗತಿಯಲ್ಲಿಯೇ ತೇರ್ಗಡೆಯಾಗಿದ್ದನು. ಇಬ್ಬರನ್ನೂ ಜೊತೆಯಾಗಿ ಕಳುಹಿಸಿದರೆ ಖರ್ಚು ಅರ್ಧ, ಧೈರ್ಯ ಎರಡರಷ್ಟು ಎಂಬ ಲೆಕ್ಕವನ್ನೂ ಮಾವನು ಹಾಕಿದ್ದನು. ತಾಯಿಯ ಮನಸ್ಸೂ ಅತ್ತಲೇ ಒಲಿದಿತ್ತು.

ಬಸವನಗುಡಿಯ ಪಕ್ಷವನ್ನು ಹಿಡಿದವರು ಗೌರಿಬಿದನೂರಿನಲ್ಲಿ ಗುಮಾಸ್ತರಾಗಿದ್ದ ಭಾವನವರು. ಅಕ್ಕನನ್ನು ನೋಡಿಬರುವ ನೆಪದಲ್ಲಿ ನಾನು ಆ ಊರಿಗೆ ಹೋದಾಗ ಅವರು ಸಂಜೆ ನನ್ನನ್ನು ಸ್ಟೇಷನ್ನಿನ ಕಡೆಗೆ ತಿರುಗಾಡಲು ಕರೆದೊಯ್ದು, ಗುಂತಕಲ್ಲಿನ ಕಡೆಯಿಂದ ಬೆಂಗಳೂರಿಗೆ ಹೋಗುವ ಗಾಡಿಯನ್ನು ತೋರಿಸಿ, ಹೊಸೂರಿನ ನರಸಿಂಹಯ್ಯ ಎಂಬ ಹುಡುಗನ ಕತೆಯನ್ನು ಹೇಳಿದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಆ ಹುಡುಗನು, ನ್ಯಾಷನಲ್ ಹೈಸ್ಕೂಲಿನಲ್ಲಿ ಓದಬೇಕೆಂದು 1935ರಲ್ಲಿ ಹೊರಟಾಗ ಇದೇ ಗಾಡಿಯ ಟಿಕೇಟಿಗೆ ದುಡ್ಡಿಲ್ಲದೆ ಬೆಂಗಳೂರಿನವರೆಗೂ ನಡೆದೇ ಹೋದನು. ಮರುವರ್ಷ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿಯ ಭಾಷಣವನ್ನು ಕನ್ನಡಕ್ಕೆ ಹೇಳುವ ಭಾಗ್ಯವು ಆ ಹಳ್ಳಿಯ ಹುಡುಗನದಾಯಿತು. 1942ರ ಚಳುವಳಿಯಲ್ಲಿ ಓದನ್ನು ಬಿಟ್ಟು ಸೆರೆಮನೆಗೆ ಹೋಗಿ, ಬಂದು, ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಎಂ.ಎಸ್‌ಸಿ. ಪದವಿಯನ್ನು ಪಡೆದು, 1946ರಿಂದ ನ್ಯಾಷನಲ್ ಕಾಲೇಜಿನಲ್ಲಿಯೇ ಅಧ್ಯಾಪಕರಾಗಿ, ಹಾಸ್ಟೆಲಿನ ಒಂದು ಕೋಣೆಯಲ್ಲಿ ವಾಸವಾಗಿದ್ದರು. 1938ರಲ್ಲಿ ವಿದುರಾಶ್ವತ್ಥದಲ್ಲಿ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ನೆನಪು ಇನ್ನೂ ಆರದಿದ್ದ ಆ ತಾಲ್ಲೂಕಿನಲ್ಲಿ ಈ ಕತೆಗೆ ಬೇರೆಯೇ ಒಂದು ಬೆಲೆಯಿತ್ತು. "ಅವರು ನಡೆದು ಹೋದರು, ನೀನು ರೈಲಿನಲ್ಲಿ ಹೋಗುವುದಕ್ಕೆ ಏನು ಯೋಚನೆ ಮಾಡುತ್ತೀಯೆ?" ಎಂದು ಭಾವನವರು ಕೇಳಿದ ಪ್ರಶ್ನೆಗೆ ಉತ್ತರವು ಸುಲಭವಾಗಿರಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ತಂದೆಯವರಿಗೆ ಗುರುತಿದ್ದ ವಕೀಲರೊಬ್ಬರು ಈ ವ್ಯವಹಾರದಲ್ಲಿ ಮೂರನೆಯ ದೃಷ್ಟಿಯೊಂದನ್ನು ಮುಂದಿಟ್ಟರು. ಪ್ರತ್ಯೇಕ ಆಂಧ್ರಕ್ಕಾಗಿ ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಬಿಟ್ಟು ಆರು ತಿಂಗಳಾಗಿದ್ದಿತು. ಅಕ್ಟೋಬರ್ 1ರಿಂದ ಆಂಧ್ರವು ಬೇರೆಯ ರಾಜ್ಯವಾಗುವುದೆಂದೂ, ಅಂದೇ ಬಳ್ಳಾರಿಯು ಮೈಸೂರಿಗೆ ಸೇರುವುದೆಂದೂ ಪತ್ರಿಕೆಗಳು ಬರೆಯುತ್ತಿದ್ದುವು. ಆಗಿನ ಚಿತ್ತೂರು ಜಿಲ್ಲೆಯ ಮದನಪಲ್ಲಿಯು ಜೂನ್ ತಿಂಗಳಲ್ಲಿ ಮದರಾಸು ರಾಜ್ಯದಲ್ಲಿದ್ದು, ನಾನು ದಸರೆಯ ರಜಕ್ಕೆ ಬರುವ ಹೊತ್ತಿಗೆ ಆಂಧ್ರದಲ್ಲಿರುತ್ತದೆ. "ಗಡಿ ಎಲ್ಲಿ ಬೀಳುತ್ತದೆ, ಯಾರ ಸರ್ಟಿಫಿಕೇಟು ಯಾರ ಕಚೇರಿಯಲ್ಲಿ ನಡೆಯುತ್ತದೆ ಎಂಬುದು ತಿಳಿಯದ ಕಾಲ ಇದು. ಮೈಸೂರು ಸರ್ಕಾರದ ಕೆಲಸ ಬೇಕಾದರೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಲಿ" ಎಂದು ವಕೀಲರು ಅಪ್ಪಣೆ ಕೊಡಿಸಿದರು. ವಿದ್ಯೆಯ ವಿಚಾರದಲ್ಲಿ ಸರ್ಟಿಫಿಕೇಟಿನ ಮಾತನ್ನಾಡಿದುದು ನನಗೆ ಆಗ ಅತ್ಯಂತ ಕ್ಷುದ್ರವಾಗಿ ತೋರಿದರೂ, ನಾಲ್ಕು ಜನ ಮಕ್ಕಳ ತಂದೆಯು ಅದನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ.

ಎರಡು ಕಡೆಗೂ ಅರ್ಜಿ ಹೋಯಿತು. ಎರಡು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬಂದಿತು. ಮೊದಲು ಮದನಪಲ್ಲಿಗೆ ಹೋದೆನು. ಮರಗಳ ನೆರಳಿನಲ್ಲಿ ಹಬ್ಬಿದ ಆ ಆವರಣದಲ್ಲಿ ಗದ್ದಲವೆಂಬುದೇ ಇರಲಿಲ್ಲ. ಸಂದರ್ಶನವನ್ನು ನಡೆಯಿಸಿದ ವೃದ್ಧ ಅಧ್ಯಾಪಕರು ನನ್ನ ಅಂಕಪಟ್ಟಿಯನ್ನು ಮಡಿಸಿ ಬದಿಗಿಟ್ಟು, ಒಂದು ಇಂಗ್ಲಿಷ್ ಪ್ರಬಂಧಸಂಕಲನವನ್ನು ನನ್ನ ಕೈಗೆ ಕೊಟ್ಟು, ಹೊರಗಿನ ಕಟ್ಟೆಯ ಮೇಲೆ ಕುಳಿತು ಇಂಥ ಪ್ರಬಂಧವನ್ನು ಓದಿಕೊಂಡು ಬಾ ಎಂದರು. ಓದಿ ಬಂದ ಮೇಲೆ ಅದರ ಸಾರಾಂಶವನ್ನು ಕೇಳುವರೆಂದು ನಾನು ಸಿದ್ಧನಾಗಿದ್ದರೆ, ಅವರು ಕೇಳಿದುದು, ಇದರಲ್ಲಿ ನಿನಗೆ ಒಪ್ಪಿಗೆಯಾಗದ ಮಾತು ಯಾವುದು, ಏಕೆ, ಎಂಬುದನ್ನು. ಅಚ್ಚಾದ ಪುಸ್ತಕವೊಂದಕ್ಕೆ ಒಪ್ಪಿಗೆಯಿಲ್ಲವೆಂದು ಹೇಳಬಹುದೆಂಬುದು ಹದಿನಾರು ವರ್ಷದ ನನಗೆ ಹೊಸದು. ತಡವರಿಸುತ್ತ ಏನನ್ನೋ ಹೇಳಿದೆನು. ಅವರು ಅದನ್ನು ಆದರದಿಂದ ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡರು.

ಆಮೇಲೆ ಅಲ್ಲಿಯ ವಿದ್ಯಾರ್ಥಿಯೊಬ್ಬನು ನನ್ನನ್ನು ಆವರಣದಲ್ಲೆಲ್ಲ ಸುತ್ತಿಸುತ್ತ, ರವೀಂದ್ರರು 1919ರ ಫೆಬ್ರವರಿ ಕೊನೆಯಲ್ಲಿ ಇಲ್ಲಿ ತಂಗಿದ್ದಾಗ 'ಜನಗಣಮನ'ವನ್ನು ಹಾಡಿ ಕೇಳಿಸಿ, ತಾವೇ ಅದನ್ನು ಇಂಗ್ಲಿಷಿಗೆ ತಿರುಗಿಸಿದರೆಂದೂ, ಪ್ರಾಂಶುಪಾಲರಾಗಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸರ ಪತ್ನಿ ಮಾರ್ಗರೆಟ್ ಕಸಿನ್ಸರು ಅದರ ಸ್ವರಲಿಪಿಯನ್ನು ಸಿದ್ಧಪಡಿಸಿದರೆಂದೂ ವಿವರಿಸಿದನು. 1950ರ ಜನವರಿ 24ರಂದು ಅದು ರಾಷ್ಟ್ರಗೀತೆಯಾಗಿ ಅಂಗೀಕೃತವಾಗಿ ಮೂರು ವರ್ಷ ಕಳೆದಿತ್ತಷ್ಟೆ. ನಮ್ಮ ಶಾಲೆಯಲ್ಲಿ ಅದನ್ನು ಹಾಡಲು ಕಲಿತಿದ್ದ ನನಗೆ, ಅದಕ್ಕೂ ನಮ್ಮ ಬಸ್ಸಿನ ದಾರಿಯಲ್ಲಿರುವ ಊರೊಂದಕ್ಕೂ ಇಷ್ಟು ನಿಕಟವಾದ ಸಂಬಂಧವಿದೆಯೆಂದು ತಿಳಿದು ರೋಮಾಂಚವಾಯಿತು. ತತ್ತ್ವಚಿಂತಕ ಜೆ. ಕೃಷ್ಣಮೂರ್ತಿಯವರು 1895ರಲ್ಲಿ ಹುಟ್ಟಿದ ಊರೂ ಅದೇ. ಆ ಸಂಜೆ ಚಿಕ್ಕಜ್ಜಿಯ ಮನೆಯ ಜಗಲಿಯಲ್ಲಿ ಕುಳಿತಾಗ ನನ್ನ ಮನಸ್ಸು ಬಹುಮಟ್ಟಿಗೆ ಮದನಪಲ್ಲಿಗೇ ಸಂದಿತ್ತು.

ಬೆಂಗಳೂರಿಗೆ ಹೋದುದು ಶಿಡ್ಲಘಟ್ಟದಿಂದ, ಸಣ್ಣ ರೈಲಿನಲ್ಲಿ. ಯಲಹಂಕದಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರಗಳ ಮೂಲಕ ಬಂಗಾರಪೇಟೆಗೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಸಾಗುತ್ತಿದ್ದ ಆ ಗಾಡಿಗೆ ಆತುರವೆಂಬುದು ಇರಲಿಲ್ಲ. ನಂದಿಬೆಟ್ಟವು ಕಿಟಕಿಯಲ್ಲಿ ಕಾಣಿಸಿಕೊಂಡರೆ ಮರೆಯಾಗುವುದಕ್ಕೆ ಬಹಳ ಹೊತ್ತು. ತಂದೆಯವರೂ ಜೊತೆಯಲ್ಲಿ ಬಂದಿದ್ದರು. ಬಸವನಗುಡಿಯ ಕಾಲೇಜಿನಲ್ಲಿ ಮರಗಳಿಗಿಂತ ಮನುಷ್ಯರು ಹೆಚ್ಚು, ಗದ್ದಲವೂ ಇತ್ತು. ಸಂದರ್ಶನ ಮಾಡಿದ ಅಧ್ಯಾಪಕರೊಬ್ಬರು ಅರ್ಜಿಯಲ್ಲಿ ತಂದೆಯ ಕಸುಬನ್ನು ನೋಡಿ, "ರೇಷ್ಮೆಗೂಡನ್ನು ನೂಲು ತೆಗೆಯುವ ಮೊದಲು ಬಿಸಿನೀರಿಗೆ ಏಕೆ ಹಾಕುತ್ತಾರಯ್ಯಾ?" ಎಂದು ಕೇಳಿದರು. ಎಳೆ ಬಿಡಲಿ ಎಂದು, ಎಂದೆನು. ಬಿಸಿನೀರಿನಲ್ಲಿ ಏಕೆ ಬಿಡುತ್ತದೆ? ಎಳೆಗಳನ್ನು ಹಿಡಿದಿರುವ ಅಂಟು ಮೆತ್ತಗಾಗುತ್ತದೆ. ಅಂಟು ಮೆತ್ತಗಾದರೂ ಎಳೆ ಏಕೆ ಕೆಡುವುದಿಲ್ಲ? ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅವರು ನಕ್ಕು, ನಿನ್ನ ಮನೆಯಲ್ಲಿ ದಿನವೂ ನಡೆಯುವುದಕ್ಕೆ ಕಾರಣ ಕೇಳುವ ಅಭ್ಯಾಸವಾಗಬೇಕು, ಅದಕ್ಕೇ ಈ ಕಾಲೇಜು ಇರುವುದು, ಎಂದರು. ಬಾಗಿಲ ಬಳಿ ನಿಂತಿದ್ದ ತಂದೆಯವರು, ಅಷ್ಟು ದೊಡ್ಡ ಕಟ್ಟಡದಲ್ಲಿ ತಮ್ಮ ಕಸುಬಿನ ಮಾತು ಬಂದುದನ್ನು ಕೇಳಿ, ಒಳಗೆ ಒಂದು ಹೆಜ್ಜೆ ಇಟ್ಟುದನ್ನು ನಾನು ಗಮನಿಸಿದೆನು.

ಒಂದು ಕಡೆ ಪುಸ್ತಕವನ್ನು ಪ್ರಶ್ನಿಸಲು ಹೇಳಿದರು. ಇನ್ನೊಂದು ಕಡೆ ಮನೆಯ ಕಸುಬನ್ನು ಪ್ರಶ್ನಿಸಲು ಹೇಳಿದರು. ಎರಡು ಕಡೆಯೂ ಸ್ಥಳ ದೊರೆಯಿತು. ಮದನಪಲ್ಲಿಯಲ್ಲಿ ಊಟದ ಖರ್ಚಿಲ್ಲ. ಬಸವನಗುಡಿಯಲ್ಲಿ ಫೀಜಿನಲ್ಲಿ ರಿಯಾಯಿತಿ ಸಿಕ್ಕುವ ಭರವಸೆ. ದುಡ್ಡಿನ ತಕ್ಕಡಿಯು ಯಾವ ಕಡೆಗೂ ವಾಲಲಿಲ್ಲ. ಹೆಡ್‌ಮಾಸ್ತರರು ಹೇಳಿದ ಒರೆಗಲ್ಲಿಗೆ ತಿಕ್ಕಿದರೂ ಎರಡೂ ಸಮಾನವಾದ ಚಿನ್ನವೇ, ಎರಡು ಕಡೆಯವರೂ ನನ್ನನ್ನು ಹೆಸರು ಹಿಡಿದೇ ಕರೆದಿದ್ದರು. ಹೀಗೆ ನಿರ್ಣಯವಾಗದೆ ದಿನಗಳು ಕಳೆಯುತ್ತಿದ್ದಾಗ, ಒಂದು ರಾತ್ರಿ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದು ಸೊಪ್ಪನ್ನು ಮೇಯುತ್ತಿರಲು, ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದ ತಂದೆಯವರು ತಲೆಯೆತ್ತದೆಯೇ, "ಹುಳು ಸೊಪ್ಪು ಯಾರ ತೋಟದ್ದು ಅಂತ ಕೇಳೋದಿಲ್ಲ ಕಣಪ್ಪಾ, ಹೊತ್ತಿಗೆ ಬಂತೇ ಅಂತ ಕೇಳುತ್ತೆ. ಆದರೆ ಯಾವ ಚಂದ್ರಿಕೆ ಮೇಲೆ ಬಿಡುತ್ತೀವೋ ಅಲ್ಲೇ ಗೂಡು ಕಟ್ಟುತ್ತೆ. ನೀನು ಎಲ್ಲಿ ಮೇಯಬೇಕು ಅನ್ನೋದು ಬಿಟ್ಟು, ಎಲ್ಲಿ ಗೂಡು ಕಟ್ಟಬೇಕು ಅನ್ನೋದನ್ನ ಯೋಚನೆ ಮಾಡು" ಎಂದರು.

ಆ ಮಾತಿನಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಯಾವುದು ಮೇಲಾದ ಕಾಲೇಜು ಎಂಬ ವಿಚಾರವನ್ನು ಬಿಟ್ಟು, ಮುಂದೆ ಯಾವ ನುಡಿಯಲ್ಲಿ ಯೋಚಿಸಿ, ಯಾರ ನಡುವೆ ಬದುಕುವವನು ನಾನು ಎಂಬುದನ್ನು ಕೇಳಿಕೊಂಡೆನು. ಮದನಪಲ್ಲಿಯಲ್ಲಿ ಇಂಗ್ಲಿಷಿನ ಜೊತೆಗೆ ನಾನು ಓದಬೇಕಾಗಿದ್ದ ಭಾಷೆ ತೆಲುಗು ಅಥವಾ ಸಂಸ್ಕೃತ. ತೆಲುಗು ನನಗೆ ತಾಯಿಯ ಮಾತು. ಅದರಲ್ಲಿ ನಾನು ಜಗಳವಾಡಬಲ್ಲೆ, ಲಾಲಿ ಹಾಡಬಲ್ಲೆ, ಮಂಡಿಯಲ್ಲಿ ದರ ಕುದುರಿಸಬಲ್ಲೆ. ಆದರೆ ಒಂದು ಪುಟವನ್ನು ಬರೆಯಲಾರೆ. ಬರೆಯಲು ಕಲಿತುದು, ಬರೆದು ಸುಖಪಟ್ಟುದು ಕನ್ನಡದಲ್ಲಿ. ನಮ್ಮ ಜಿಲ್ಲೆಯವರೇ ಆದ ಮಾಸ್ತಿಯವರು ಮನೆಯಲ್ಲಿ ತಮಿಳನ್ನಾಡುತ್ತ ಕನ್ನಡದ ಸಣ್ಣಕತೆಯನ್ನು ಬೆಳೆಯಿಸಿದವರೆಂಬುದನ್ನು ಹೆಡ್‌ಮಾಸ್ತರರು ತರಗತಿಯಲ್ಲಿ ಹೇಳುತ್ತಿದ್ದುದು ನೆನಪಾಯಿತು. ಮನೆಯ ಮಾತೊಂದು, ಮನಸ್ಸಿನ ಬರಹ ಇನ್ನೊಂದು ಆಗಿರುವುದು ನಮ್ಮ ಜಿಲ್ಲೆಯಲ್ಲಿ ದ್ರೋಹವೂ ಅಲ್ಲ, ದೋಷವೂ ಅಲ್ಲ. ನಾನು ಬಸವನಗುಡಿ ಎಂದೆನು. ತಾಯಿ ಒಂದು ಹೊತ್ತು ಮಾತಾಡಲಿಲ್ಲ. ಮರುದಿನ ಹುರಿಹಿಟ್ಟಿನ ಡಬ್ಬವನ್ನು ಸಿದ್ಧಪಡಿಸಿದಳು. ಮಾವನ ಮಗನು ಒಬ್ಬನೇ ಮದನಪಲ್ಲಿಗೆ ಹೋದನು.

ಬಸವನಗುಡಿಯ ಜೀವನವನ್ನು ಕುರಿತು ಹೆಚ್ಚಾಗಿ ಬರೆಯುವುದು ಇಲ್ಲಿ ಉದ್ದೇಶವಲ್ಲ. ಭಾವನವರು ವರ್ಣಿಸಿದ ಅಧ್ಯಾಪಕರನ್ನು ಕಣ್ಣಾರೆ ಕಂಡೆನು: ಖಾದಿಯ ಪಂಚೆ, ಖಾದಿಯ ಜುಬ್ಬ, ತಲೆಯ ಮೇಲೆ ಗಾಂಧಿ ಟೋಪಿ, ಹಾಸ್ಟೆಲಿನ ಹುಡುಗರ ನಡುವೆಯೇ ವಾಸ. ಅಧ್ಯಾಪಕನೊಬ್ಬನು ಮನೆ ಮಠಗಳ ಆಡಂಬರವಿಲ್ಲದೆ ವಿದ್ಯಾರ್ಥಿಗಳ ಕಣ್ಣೆದುರಿಗೇ ಏಳುವುದು, ಓದುವುದು, ಉಣ್ಣುವುದು ಎಂಬ ಈ ಒಂದು ದೃಶ್ಯವು ಎಷ್ಟು ಉಪದೇಶಗಳಿಗೆ ಸಮವೆಂಬುದನ್ನು ಹಳ್ಳಿಯಿಂದ ಬಂದ ಹುಡುಗರೇ ಬಲ್ಲರು. ಸಂಜೆಯ ಹೊತ್ತು, ನಮ್ಮ ಜಿಲ್ಲೆಯ ಮುಳಬಾಗಿಲಿನವರಾದ ಡಿ.ವಿ. ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಉಪನ್ಯಾಸಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು, ಅರ್ಥವಾದಷ್ಟನ್ನು ಕಟ್ಟಿಕೊಂಡು ಬರುತ್ತಿದ್ದೆವು. ಕಾರ್ತಿಕದ ಕಡೆಯ ಸೋಮವಾರ ಬಸವನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆದಾಗ ಚಿಂತಾಮಣಿಯ ಕಡೆಯ ರೈತರು ರಾಶಿಗಳ ಹಿಂದೆ ಕುಳಿತಿರುತ್ತಿದ್ದರು. ಅವರೊಡನೆ ತೆಲುಗಿನಲ್ಲಿ ಮಾತಾಡಿ ಸೇರಿಗೆ ಒಂದು ಹಿಡಿ ಹೆಚ್ಚು ಹಾಕಿಸಿಕೊಳ್ಳುವುದು ನನ್ನ ಹಾಸ್ಟೆಲಿನ ಗೆಳೆಯರಿಗೆ ದೊಡ್ಡ ವಿದ್ಯೆಯಾಗಿ ಕಾಣುತ್ತಿತ್ತು.

ಮಾವನ ಮಗನೂ ನಾನೂ ರಜದಲ್ಲಿ ಚಿಂತಾಮಣಿಯಲ್ಲಿ ಸೇರಿದಾಗಲೆಲ್ಲ ನಮ್ಮ ನಮ್ಮ ಕಾಲೇಜುಗಳ ಪಕ್ಷವನ್ನು ವಹಿಸಿ ವಾದಿಸುತ್ತಿದ್ದೆವು. ಅವನಿಗೆ ಠಾಕೂರರಿದ್ದರೆ ನನಗೆ ಗಾಂಧೀಜಿ. ಅವನಿಗೆ ನೆರಳಿನ ಮರಗಳಿದ್ದರೆ ನನಗೆ ಗಾಂಧಿಬಜಾರು. ಆದರೆ ವಾದದ ಕಾವು ಇಳಿದು, ಯಾರು ಏನನ್ನು ಕಲಿತೆವೆಂದು ಸಮಾಧಾನದಿಂದ ಮಾತಾಡಿದ ದಿನಗಳಲ್ಲಿ, ಇಬ್ಬರೂ ಹೇಳುತ್ತಿದ್ದ ಸಂಗತಿಗಳು ವಿಚಿತ್ರವಾಗಿ ಒಂದನ್ನೊಂದು ಹೋಲುತ್ತಿದ್ದುವು: ಇಂಥ ಅಧ್ಯಾಪಕರು ರಾತ್ರಿ ಬಾಗಿಲು ತಟ್ಟಿದರೂ ಲೆಕ್ಕವನ್ನು ಬಿಡಿಸಿಕೊಟ್ಟರು, ಇಂಥವರು ನನ್ನ ಪ್ರಬಂಧದ ಅಂಚಿನಲ್ಲಿ ನನ್ನ ಪ್ರಬಂಧಕ್ಕಿಂತ ಉದ್ದವಾದ ಟೀಕೆಯನ್ನು ಬರೆದರು, ಇಂಥವರು ನನಗೆ ಜ್ವರ ಬಂದಾಗ ಗಂಜಿ ಕಳುಹಿಸಿದರು. ಸಂಸ್ಥೆಯ ಇತಿಹಾಸ, ಕಟ್ಟಡ, ಗ್ರಂಥಭಂಡಾರ, ಅತಿಥಿಗಳಾಗಿ ಬಂದುಹೋದ ಮಹನೀಯರ ಪಟ್ಟಿ, ಇವೆಲ್ಲವೂ ಅರ್ಜಿ ಹಾಕುವವನ ಕಣ್ಣಿಗೆ ದೊಡ್ಡದಾಗಿ ಕಾಣುತ್ತವೆ. ಓದಿ ಹೊರಬಂದವನ ನೆನಪಿನಲ್ಲಿ ಉಳಿಯುವುದು ತೆರೆದ ಬಾಗಿಲುಗಳು ಮಾತ್ರ. ಮಾವನ ಮಗನು ಮುಂದೆ ರಾಯಲಸೀಮೆಯಲ್ಲಿ ಕಾಲೇಜಿನ ಅಧ್ಯಾಪಕನಾದನು. ನಾನು ನಮ್ಮ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಜ್ಞಾನದ ಉಪಾಧ್ಯಾಯನಾದೆನು. ಇಬ್ಬರೂ ಗುರುಗಳ ಸಾಲವನ್ನು ತೀರಿಸಲು ಒಂದೇ ದಾರಿಯನ್ನು ಹಿಡಿದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಅನೇಕ ವರ್ಷಗಳ ಮೇಲೆ ಕುವೆಂಪು ಅವರ ಜೀವನದ ಒಂದು ಪ್ರಸಂಗವನ್ನು ಓದಿ ನಾನು ಒಬ್ಬನೇ ನಕ್ಕುದುಂಟು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಪುಟ್ಟಪ್ಪನವರು 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿಯೊಬ್ಬರಿಗೆ ತಮ್ಮ ಕವಿತೆಗಳನ್ನು ತೋರಿಸಿದಾಗ, ನಿಮ್ಮ ನುಡಿಯಲ್ಲಿ ಬರೆಯಿರಿ ಎಂದು ಅವರು ಬುದ್ಧಿ ಹೇಳಿದರಂತೆ. ಆ ಕವಿ ಯಾರೆಂದರೆ ಜೇಮ್ಸ್ ಕಸಿನ್ಸರು, ಮದನಪಲ್ಲಿಯ ಕಾಲೇಜಿನ ಅದೇ ಪ್ರಾಂಶುಪಾಲರು. ಕನ್ನಡದ ಕಾರಣದಿಂದ ಮದನಪಲ್ಲಿಯನ್ನು ಬಿಟ್ಟ ನಾನು, ಮದನಪಲ್ಲಿಯ ಗುರುವೊಬ್ಬರು ಕನ್ನಡಕ್ಕೆ ಮಾಡಿದ ಉಪಕಾರವನ್ನು ಅರಿಯದೆಯೇ ಅವರ ಮಾತನ್ನು ನಡೆಯಿಸಿದ್ದೆನು.

ಬಸವನಗುಡಿಯ ಆಮೇಲಿನ ಸಂಗತಿಗಳು ಎಲ್ಲರಿಗೂ ತಿಳಿದುವೇ. ಹೊಸೂರಿನ ನರಸಿಂಹಯ್ಯನವರು ಅಮೆರಿಕದ ಒಹಾಯೋದಲ್ಲಿ 1960ರಲ್ಲಿ ಡಾಕ್ಟರೇಟನ್ನು ಪಡೆದು ಬಂದು, ಮರುವರ್ಷ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಅನ್ನು ಕಟ್ಟಿದರು. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 2005ರಲ್ಲಿ ತೀರಿಕೊಳ್ಳುವ ತನಕ ಹಾಸ್ಟೆಲಿನ ಕೋಣೆಯನ್ನೇ ಮನೆಯೆಂದು ಬಗೆದರು. ಇವೆಲ್ಲಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು, ಅವರು ತಾವು ನಡೆದುಬಂದ ದಾರಿಯನ್ನು ಮರೆಯದೆ ಗೌರಿಬಿದನೂರಿನಲ್ಲಿಯೂ ಬಾಗೇಪಲ್ಲಿಯಲ್ಲಿಯೂ ನ್ಯಾಷನಲ್ ಕಾಲೇಜುಗಳನ್ನು ನೆಲೆಗೊಳಿಸಿದುದು. ಓದಿಗಾಗಿ ಬೆಂಗಳೂರಿಗೆ ನಡೆದವನು ಮುಂದಿನ ಹುಡುಗರು ನಡೆಯದಿರಲೆಂದು ಕಾಲೇಜನ್ನೇ ಊರಿಗೆ ನಡೆಯಿಸಿಕೊಂಡು ಬಂದನು. 2007ರಿಂದ ಚಿಕ್ಕಬಳ್ಳಾಪುರವೇ ಬೇರೊಂದು ಜಿಲ್ಲೆಯಾಗಿದೆ. ಮೊದಲು ಹೇಳಿದ ನಾಲ್ಕು ತಾಲ್ಲೂಕುಗಳಲ್ಲಿಯೂ ಇಂದು ಕಾಲೇಜುಗಳಿಗೆ ಬರವಿಲ್ಲ. ಹತ್ತಿರದ ಬೆಂಗಳೂರಿನಲ್ಲಿ ಸಾಹಿತ್ಯ, ಇತಿಹಾಸ, ವಿಜ್ಞಾನಗಳನ್ನು ಬೆರೆಸಿ ಕಲಿಸುವ ಹೊಸ ಬಗೆಯ ವಿದ್ಯಾಲಯಗಳೂ ತೆರೆದಿವೆ.

ಅವುಗಳ ಬಣ್ಣದ ಪುಸ್ತಿಕೆಗಳನ್ನು ಹಿಡಿದು, ಇದೋ ಅದೋ ಎಂದು ಕೇಳುತ್ತ ನನ್ನ ಬಳಿಗೆ ಬರುವ ಶಿಷ್ಯರ ಮಕ್ಕಳಿಗೆ, ಮೊಮ್ಮಕ್ಕಳಿಗೆ ನಾನು ಹೇಳುವುದಿಷ್ಟು. ಎರಡು ಒಳ್ಳೆಯ ಕಾಲೇಜುಗಳಲ್ಲಿ ಯಾವುದು ಮೇಲೆಂದು ಅಳೆಯುತ್ತ ನಿದ್ದೆಗೆಡಬೇಡಿ. ಅವು ಎರಡೂ ನಿಮ್ಮನ್ನು ಕೈಬಿಡವು. ಒಂದು ದಿನ ಅಲ್ಲಿಗೆ ಹೋಗಿ, ತರಗತಿ ಮುಗಿದ ಮೇಲೆ ಎಷ್ಟು ಮಂದಿ ಅಧ್ಯಾಪಕರು ಹುಡುಗರ ಜೊತೆ ನಿಂತು ಮಾತಾಡುತ್ತಾರೆಂಬುದನ್ನು ನೋಡಿ. ನಿಮ್ಮ ಮನೆಯ ಕಸುಬಿನ ಮಾತನ್ನೂ ನಿಮ್ಮ ನುಡಿಯನ್ನೂ ಮುಚ್ಚಿಟ್ಟುಕೊಳ್ಳದೆ ಅಲ್ಲಿ ಇರಬಹುದೇ ಎಂದು ವಿಚಾರಿಸಿ. ಈ ಎರಡು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದ ಕಡೆ ಸೇರಿಕೊಳ್ಳಿ. ಸೇರಿದ ಮೇಲೆ, ಬಿಟ್ಟ ಕಾಲೇಜನ್ನು ನೆನೆದು ಒಂದು ದಿನವನ್ನೂ ಹಾಳುಮಾಡಿಕೊಳ್ಳಬೇಡಿ.